ಉಡುಗೊರೆಯ ಪಟ್ಟಿ

ಬ್ಯಾಟರಿಯಲ್ಲಿ ಓಡುವ ಮುಫ್ಲೆಹ್‌ನ ಪುಟ್ಟ ಪಿಕಪ್ ನೋಡಿ ಅಜ್ಲೂನಿನ ಬೆಟ್ಟದಲ್ಲಿ ನಗದವರಿರಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಹಿಂದೆ ಇಪ್ಪತ್ತು ಜೇನುಪೆಟ್ಟಿಗೆ ಹಿಡಿಸುವಷ್ಟು ಜಾಗ. ಅವನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಸೀಟಿನಲ್ಲಿ ನಿದ್ದೆ ಹೋದ ಮಗುವನ್ನು ಎಬ್ಬಿಸದೆ ಮನೆ ಬಾಗಿಲಿಗೆ ಮುಟ್ಟಿಸುತ್ತಿದ್ದೆ ಎಂಬುದೊಂದೇ ಅವನ ಜಂಬ. ಜಂಬ ಪಡಲಿ ಬಿಡಿ, ಸುಳ್ಳೇನಲ್ಲ.

ಆದರೆ ಹೋದ ವರ್ಷ ಆ ಜಂಬ ಮಣ್ಣುಪಾಲಾಗಿತ್ತು. ಕಿತ್ತಳೆ ಹೂಬಿಡುವ ಕಾಲಕ್ಕೆ ಪೆಟ್ಟಿಗೆಗಳನ್ನು ಕೆಳಗಿನ ಕಣಿವೆಗೆ ಒಯ್ಯಲು ಬಾಡಿಗೆ ಲಾರಿ ಹಿಡಿದು ತಾನೇ ಓಡಿಸಿದ್ದ. ಕುಲುಕಾಟಕ್ಕೆ ಏಳು ಪೆಟ್ಟಿಗೆಗಳ ಮೇಣದ ಎರಿ ಕಳಚಿ ಬಿದ್ದು, ಹುಳುಗಳು ತಮ್ಮದೇ ಜೇನಿನಲ್ಲಿ ಮುಳುಗಿ ಸತ್ತವು. ಎಲ್ಲವೂ ಹೆಂಡತಿ ರಸ್ಮಿಯಾ ತವರಿನಿಂದ ತಂದ ನಾಲ್ಕು ಪೆಟ್ಟಿಗೆಗಳ ಸಂತಾನ. ಅವಳು ಕೂಗಾಡಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ತೊಳೆದು ಗೋಡೆಯ ಬದಿಗೆ ಬೋರಲು ಹಾಕಿದಳು.

"ಇನ್ನೊಂದ್ಸಲ ಹಿಂಗಾದ್ರೆ ಉಳಿದಿದ್ದನ್ನ ನಮ್ಮಣ್ಣನಿಗೆ ಕೊಟ್ಬಿಡಿ. ನೋಡೋಕೆ ನನ್ನ ಕೈಲಾಗಲ್ಲ" ಎಂದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅದಕ್ಕೇ ಈ ಗಾಡಿ. ಚಳಿಗಾಲವೆಲ್ಲ ಒಲೆಯ ಪಕ್ಕ ಕೂತು ಲೆಕ್ಕ ಹಾಕಿದ. ದಪ್ಪ ಹಲ್ಲಿನ ಟೈರ್ ಬೇಡ. ಗೊಯ್ಯೆಂದು ಸದ್ದು ಮಾಡುತ್ತದೆ, ಬ್ಯಾಟರಿಯನ್ನೂ ನುಂಗುತ್ತದೆ. ಮೆತ್ತನೆಯ ಅಗಲ ಟೈರ್ ಸಾಕು. ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸವು. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಮಾತ್ರ ಮುಟ್ಟಕೂಡದು. ಜೇನುಪೆಟ್ಟಿಗೆ ಹೊರಲು ಅವು ಬೇಕಾದಷ್ಟಾಯಿತು, ಇನ್ನೂ ಬಿಗಿಯಾದರೆ ಗಾಡಿ ಕುಲುಕುತ್ತದೆ.

ಕೆಲಸ ಒಪ್ಪಿಸಿದ್ದು ಇರ್ಬಿದ್ ಪೇಟೆಯ ಮೆಕ್ಯಾನಿಕ್ ಅಬು ಶಾಹರ್‌ಗೆ, ಇಪ್ಪತ್ತು ವರ್ಷದ ಗೆಳೆಯನಿಗೆ. ಸಂಜೆ ಗಾಡಿ ತರಲು ಹೋದರೆ ಅದರ ಹಿಂಭಾಗ ಒಂದು ಗೇಣು ಮೇಲೆದ್ದಿತ್ತು.

"ಒಂದೊಂದು ಪಟ್ಟಿ ಜಾಸ್ತಿ ಹಾಕಿದೀನಿ" ಎಂದ ಅಬು ಶಾಹರ್, ಕೈ ಒರೆಸಿಕೊಳ್ಳುತ್ತ. "ದುಡ್ಡಿನ ಮಾತೆತ್ತಬೇಡ, ಇದು ನನ್ನ ಉಡುಗೊರೆ. ಇನ್ಮೇಲೆ ಒಂದು ಟನ್ ಕಿತ್ತಳೆ ಹೇರಿದ್ರೂ ಬಗ್ಗಲ್ಲ."

ಆ ಪೇಟೆಯಲ್ಲಿ ಪಿಕಪ್ ಅಂದರೆ ಕಿತ್ತಳೆ, ಕಿತ್ತಳೆ ಅಂದರೆ ಹೆಚ್ಚುವರಿ ಪಟ್ಟಿ. ಯಾರೂ ಕೇಳುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಉಡುಗೊರೆ ಎಂದಮೇಲೆ ಮುಗಿದೇ ಹೋಯಿತು. ಮುಫ್ಲೆಹ್ ಎದೆಯ ಮೇಲೆ ಕೈಯಿಟ್ಟು, "ನಿನ್ನ ಕೈ ಚೆನ್ನಾಗಿರಲಿ" ಎಂದು ಗಾಡಿ ಹತ್ತಿದ.

ಮರುದಿನ ರಸ್ಮಿಯಾ ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಗೆ ಕಂಬಳಿ ಸುತ್ತಿ ಗಾಡಿಯ ಹಿಂದೆ ಇಟ್ಟಳು. "ಮೊಸರು ಗಟ್ಟಿ ಕೂತ್ರೆ ಎರಿನೂ ಕೂರುತ್ತೆ. ಹೋಗಿ ಬನ್ನಿ."

ಕಣಿವೆಗಿಳಿದು ಹತ್ತಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಂಬಳಿ ಬಿಚ್ಚಿದರೆ ಅರ್ಧ ನೀರು, ಅರ್ಧ ಚೂರುಪಾರು. ರಸ್ಮಿಯಾ ಗೋಡೆಯ ಬದಿಗೊಮ್ಮೆ ನೋಡಿ ಒಳಗೆ ಹೋದಳು. ಮುಫ್ಲೆಹ್ ಪಾತ್ರೆಗೆ ಮತ್ತೆ ಮುಚ್ಚಳ ಹಾಕಿದ. ಬೇರೆ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿದರೆ ಪೇಟೆಗೆಲ್ಲ ಗೊತ್ತಾಗಿ ಗೆಳೆಯನ ಮುಖಕ್ಕೆ ಹೊಡೆದಂತೆ. ಬಿಚ್ಚಿಸದಿದ್ದರೆ ರಸ್ಮಿಯಾಳ ಜೇನು ಉಳಿಯುವುದಿಲ್ಲ.

ಅವನು ತೊಳೆದ ಅಂಗಿ ತೊಟ್ಟು, ಮೊಸರಿನ ಪಾತ್ರೆ ಹಿಡಿದು ಅಬು ಶಾಹರ್‌ನ ಮನೆಗೇ ಹೋದ. ಕಾಫಿ ಬಂತು. ಮುಫ್ಲೆಹ್ ಬಟ್ಟಲನ್ನು ಮುಟ್ಟಿ, ಕುಡಿಯದೆ ನೆಲಕ್ಕಿಟ್ಟ.

ಅಬು ಶಾಹರ್ ಕೈಯಲ್ಲಿದ್ದ ಕಾಫಿಯ ಹೂಜಿ ಕೆಳಗಿಟ್ಟ. ಹೆಣ್ಣು ಕೇಳಲು ಬಂದವರು, ಕೊಲೆಗೆ ರಾಜಿ ಬೇಡಲು ಬಂದವರು ಹಾಗೆ ಬಟ್ಟಲಿಡುತ್ತಾರೆ. ಮನೆಯವನು ಒಪ್ಪುವ ತನಕ ತುಟಿಗೆ ತಾಗಿಸುವುದಿಲ್ಲ.

"ಅಬು ಸಾರಿ, ನನ್ನ ಹೆಣ್ಮಕ್ಕಳಿಗೆಲ್ಲ ಮದುವೆ ಆಗಿದೆ. ನಿನ್ನ ಮಗ ಸಾರಿಗೆ ಮೂರು ಮಕ್ಕಳು" ಎಂದ ಮೆಲ್ಲಗೆ, ಮುಫ್ಲೆಹ್‌ನನ್ನು ರೂಢಿಯಂತೆ ಸಾರಿಯ ಅಪ್ಪನೆಂದೇ ಕರೆದು. "ಯಾರನ್ನಾದ್ರೂ ಗುದ್ದಿಬಿಟ್ಯಾ?"

"ಇಲ್ಲ. ನೀನು ಹಾಕಿದ ಪಟ್ಟಿ ಬಿಚ್ಚಬೇಕು."

"ಒಂದು ಪಟ್ಟಿಗೆ ಕಾಫಿ ಇಟ್ಯಾ? ನಮ್ಮಪ್ಪನ ಕಾಲದಲ್ಲಿ ರಕ್ತ ಹರಿದ್ರೆ ಇಡ್ತಿದ್ರು."

ಮುಫ್ಲೆಹ್ ಪಾತ್ರೆಯ ಮುಚ್ಚಳ ತೆಗೆದು ಮುಂದೆ ಸರಿಸಿದ. ಏಳು ಪೆಟ್ಟಿಗೆಗಳ ಕತೆ ಪೇಟೆಗೆಲ್ಲ ಗೊತ್ತಿತ್ತು. ಅಬು ಶಾಹರ್ ಪಾತ್ರೆಯನ್ನು ತನ್ನತ್ತ ವಾಲಿಸಿ ಒಡೆದ ಮೊಸರನ್ನು ನೋಡಿದ. ಬೇಜಾರು ಅವನ ಮುಖದಲ್ಲಿ ಕಾಣುತ್ತಿತ್ತು, ಮುಚ್ಚಿಡುವ ಗಿರಾಕಿ ಅವನಲ್ಲ.

"ಕಾಫಿ ಕುಡಿ" ಎಂದ ಕೊನೆಗೆ. "ಬಿಚ್ತೀನಿ. ಆದ್ರೆ ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋನು ನಾನಲ್ಲ, ತಿಳ್ಕೋ."

ಎರಡು ದಿನ ಬಿಟ್ಟು ಗಾಡಿ ಬಂತು, ಹಿಂಭಾಗ ಮೊದಲಿನಷ್ಟೇ ಎತ್ತರ. ಸೀಟಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು: ಬಿಚ್ಚಿದ ಪಟ್ಟಿಯ ತುಂಡನ್ನು ಕಾಯಿಸಿ, ಬಡಿದು, ತುದಿ ಬಗ್ಗಿಸಿ, ಅಂಚು ಮಸೆದು ಮಾಡಿದ, ಜೇನುಪೆಟ್ಟಿಗೆಯ ಮುಚ್ಚಳ ಎಬ್ಬಿಸುವ ಮೀಟುಗೋಲು. ಮುಫ್ಲೆಹ್ ಅದನ್ನು ಅಂಗೈಯಲ್ಲಿಟ್ಟುಕೊಂಡು ರಸ್ತೆ ಬದಿಯಲ್ಲೇ ಸ್ವಲ್ಪ ಹೊತ್ತು ಕೂತ.

ಈ ಸಲ ಮೊಸರು ಗಟ್ಟಿಯಾಗಿ ಕೂತಿತು. ಕಿತ್ತಳೆ ಮೊಗ್ಗೊಡೆದ ವಾರ, ನಸುಕಿನಲ್ಲಿ ಪೆಟ್ಟಿಗೆಗಳನ್ನು ಹೇರಿ, ಎರಿಗಳು ತೂಗಾಡದಂತೆ ರಸ್ತೆಯ ದಿಕ್ಕಿಗೇ ತಿರುಗಿಸಿ ಕಟ್ಟಿದರು. ಕಣಿವೆ ಮುಟ್ಟುವವರೆಗೆ ರಸ್ಮಿಯಾ ಹಿಂದಿನ ಕಿಟಕಿಯಿಂದ ಪೆಟ್ಟಿಗೆಗಳನ್ನೇ ನೋಡುತ್ತಿದ್ದಳು.

ತೋಟದಲ್ಲಿ ರಸ್ಮಿಯಾ ಮೀಟುಗೋಲು ಕೇಳಿ ಪಡೆದು ಮೊದಲ ಮುಚ್ಚಳ ಎಬ್ಬಿಸಿದಳು. ಆಮೇಲೆ ಎರಡನೆಯದು. ಇಪ್ಪತ್ತನೆಯದರವರೆಗೂ ಮುಫ್ಲೆಹ್ ಗಾಡಿಯಿಂದ ಇಳಿಯಲೇ ಇಲ್ಲ. ಒಂದು ಎರಿಯೂ ಜಾರಿರಲಿಲ್ಲ.

ಅವಳು ಮೀಟುಗೋಲಿಗೆ ಅಂಟಿದ ಮೇಣವನ್ನು ಹೆಬ್ಬೆರಳಿನಿಂದ ಒರೆಸಿ, ಕಿಟಕಿಯ ಹತ್ತಿರ ಬಂದಳು.

"ಮನೆಗೆ ಹೋದ್ಮೇಲೆ ಗೋಡೆ ಹತ್ರ ಇರೋ ಆ ಏಳು ಪೆಟ್ಟಿಗೆ ಎತ್ತಿ ನೆಟ್ಟಗೆ ಇಡಿ" ಎಂದಳು. "ಈ ಸಲ ಇವು ಹೆಚ್ಚಿ ಎರಡೆರಡು ಸಂಸಾರ ಆಗ್ತವೆ. ಮನೆ ಬೇಕಾಗುತ್ತೆ."