ಢೋಲಕ್ ಮಾವ ಮತ್ತು ನಾನು ಹಾಡಿದ ಆ ವರ್ಷ

ಹೋದ ವಾರ ದೇವನಹಳ್ಳಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹಾಡಲು ಹೋಗಿದ್ದೆ. ತಬಲಾದವರು ಅಂಗೈಗೆ ಪೌಡರ್ ಹಾಕಿಕೊಂಡು ಉಜ್ಜಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಕ್ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆ ಮಾವ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಹೀಗೇ ಪೌಡರ್ ಸುರಿದುಕೊಳ್ಳುತ್ತಿದ್ದರು. ಅರ್ಧ ಕೈಗೆ, ಇನ್ನರ್ಧ ಕಪ್ಪು ಪ್ಯಾಂಟಿಗೆ...

ರಕ್ತಸಂಬಂಧವೇನೂ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಎರಡೂ ಮನೆಯಲ್ಲಿ ಪವರ್‌ಲೂಮ್. ಹಗಲು ಸೀರೆ ನೇಯ್ದು, ಸಂಜೆ ಊರಿನ ಆರ್ಕೆಸ್ಟ್ರಾದಲ್ಲಿ ಅವರು ಢೋಲಕ್ ಬಾರಿಸುತ್ತಿದ್ದರು, ನಾನು ಹಾಡುತ್ತಿದ್ದೆ. ನಾನು ತಂಡ ಸೇರಿದ ಮೊದಲ ವರ್ಷವದು. ಆಮೇಲೆ ಎಷ್ಟೋ ವೇದಿಕೆ ಹತ್ತಿದ್ದೇನೆ. ಆದರೂ ಯಾವ ಕಾರ್ಯಕ್ರಮ ಇಷ್ಟ ಎಂದು ಕೇಳಿದರೆ ಬಾಯಿಗೆ ಬರುವುದೆಲ್ಲ ಆ ವರ್ಷದವೇ. ಬೂದಿಗೆರೆಯ ಗಣೇಶನ ಪೆಂಡಾಲಿನಲ್ಲಿ ಜನ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದ್ದು, ನಲ್ಲೂರಿನಲ್ಲಿ ಕರೆಂಟು ಹೋಗಿ, ಯಾರದೋ ಬೈಕಿನ ಹೆಡ್‌ಲೈಟ್ ಬೆಳಕಿನಲ್ಲಿ ಬರೀ ಢೋಲಕ್ ಜೊತೆ ಹಾಡಿದ್ದು...

ಆ ಸಂತೋಷದ ಜೊತೆಗೇ ಒಂದು ಹೆದರಿಕೆಯೂ ಇತ್ತು. ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲಿ ನಿಂತು ಮಾವನ ಕಿವಿ ಹೋಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ತಂಡದಿಂದ ತೆಗೆದುಬಿಡುತ್ತಾರೆ. ಢೋಲಕ್ ಬಿಟ್ಟರೆ ಅವರಿಗೆ ಬೇರೆ ಸುಖವಿರಲಿಲ್ಲ. ನಾನೂ ಮಗ್ಗದ ಮನೆಯವಳಾದ್ದರಿಂದ ನನಗೆ ತಿಳಿಯಿತು. ನಮ್ಮಲ್ಲಿ ಮಗ್ಗ ಓಡುವಾಗ ಯಾರೂ ಕೂಗುವುದಿಲ್ಲ, ಕೂಗಿದರೂ ಕೇಳಿಸದು. ತುಟಿ ಆಡಿಸುತ್ತೇವೆ, ಎದುರಿಗಿರುವವರು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಮಾವ ವೇದಿಕೆಯ ಮೇಲೂ ಅದನ್ನೇ ಮಾಡುತ್ತಿದ್ದರು. ತಾಳ ಅವರ ಕೈಗೆ ಗೊತ್ತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹಿಡಿಯಬೇಕು ಎನ್ನುವುದಕ್ಕೆ ಮಾತ್ರ ನನ್ನ ತುಟಿ ಬೇಕಿತ್ತು. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಪಲ್ಲವಿ ಮುಗಿಯುವಾಗ ನಾನು ಅವರತ್ತ ತಿರುಗುತ್ತಿದ್ದೆ, ಅಷ್ಟೇ.

ದೇವನಹಳ್ಳಿ ಪಕ್ಕದ ವಿಜಯಪುರದ ರಾಜ್ಯೋತ್ಸವಕ್ಕೆ ಹೋದಾಗ ವಿಡಿಯೋದವರು ಬಂದಿದ್ದರು. ತಂಡದ ಯಜಮಾನರು ನನ್ನನ್ನು ವೇದಿಕೆಯ ಅಂಚಿಗೆ ತಂದು ನಿಲ್ಲಿಸಿದರು.

"ಏನಮ್ಮ, ಯಾವಾಗ್ ನೋಡಿದ್ರೂ ಹಿಂದಕ್ಕೇ ತಿರುಗ್ತೀಯ? ಇವತ್ತು ಕ್ಯಾಮೆರಾ ನೋಡ್ಕೊಂಡು ಹಾಡು."

ಮಾವ ನನ್ನ ಬೆನ್ನ ಹಿಂದೆ. ಹಾಡಿನ ನಡುವೆ ವಾದ್ಯಗಳೆಲ್ಲ ಒಟ್ಟಿಗೇ ನಿಂತು, ನಾನೊಬ್ಬಳೇ ಒಂದು ಸಾಲು ಹಾಡುವ ಜಾಗವಿತ್ತು. ಅಲ್ಲಿ ಢೋಲಕ್ ನಿಲ್ಲದಿದ್ದರೆ ಗುಟ್ಟು ರಟ್ಟಾದಂತೆಯೇ. ಆ ಜಾಗ ಹತ್ತಿರ ಬಂತು. ಯಜಮಾನರು ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದರು. ಹಾಳಾಗಿ ಹೋಗಲಿ ಕ್ಯಾಮೆರಾ ಎಂದು ತಿರುಗಿಯೇಬಿಟ್ಟೆ. ಮಾವನ ಕಣ್ಣು ನನ್ನ ಮುಖವನ್ನೇ ಕಾಯುತ್ತಿತ್ತು. ಢೋಲಕ್ ಸರಿಯಾಗಿ ನಿಂತಿತು.

ಜನ ಚಪ್ಪಾಳೆ ಹೊಡೆದರು. ಯಜಮಾನರು ಹೊಡೆಯಲಿಲ್ಲ, ಒಮ್ಮೆ ನನ್ನನ್ನು, ಒಮ್ಮೆ ಮಾವನನ್ನು ನೋಡುತ್ತಿದ್ದರು. ಕಾರ್ಯಕ್ರಮ ಮುಗಿದು ಮಾವ ಬಗ್ಗಿ ವೈರ್ ಸುತ್ತುತ್ತಿದ್ದಾಗ ಅವರ ಹಿಂದೆ ಹೋಗಿ ನಿಂತು, "ಅಣ್ಣಾ" ಎಂದರು. ಮಾವ ತಿರುಗಲಿಲ್ಲ. ಇನ್ನೂ ಜೋರಾಗಿ, "ಅಣ್ಣಾ, ಊಟಕ್ಕೆ ಬನ್ನಿ" ಎಂದರು. ನಾನು ಮಾವನ ಭುಜ ಮುಟ್ಟಲು ಹೋದೆ. ಯಜಮಾನರು ಕೈ ಅಡ್ಡ ಹಿಡಿದರು. ಮಾವ ಏನೋ ಗುನುಗಿಕೊಳ್ಳುತ್ತಾ ವೈರ್ ಸುತ್ತುತ್ತಲೇ ಇದ್ದರು. ಅವರ ಬೆನ್ನ ಹಿಂದೆ ನಾವೆಲ್ಲ ನೋಡುತ್ತಾ ನಿಂತಿದ್ದೆವು... ಆ ಯಜಮಾನರು ಕೆಟ್ಟವರೇನಲ್ಲ. ಆದರೂ ಆ ಹೊತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ಮಾವನನ್ನು ಕರೆಯಲಿಲ್ಲ. ಅದಾದ ಮರುದಿನ ನೂಲು ಕೊಡಲು ಅವರ ಮನೆಗೆ ಹೋದೆ. ಮಗ್ಗಗಳೆಲ್ಲ ಓಡುತ್ತಿದ್ದವು. ಮಾವ ಆಚೆ ಬದಿಯಿಂದ ತುಟಿಯಲ್ಲೇ ಕೇಳಿದರು: "ಹೊಸಬ ಚೆನ್ನಾಗ್ ಬಾರಿಸ್ತಾನಾ?"

"ನಿಮ್ಮಷ್ಟಿಲ್ಲ ಮಾವ."

"ಹಾಗನ್ಬಾರ್ದು ಕಣಮ್ಮ. ಇನ್ಮೇಲೆ ಹಿಂದಕ್ಕೆ ತಿರುಗ್ಬೇಡ. ಜನ ನಿನ್ ಮುಖ ನೋಡ್ಲಿ."

ಆ ವಿಷಯ ನಾವು ಆಡಿದ್ದು ಅದೊಂದೇ ಸಲ. ಕಣ್ಣು ತುಂಬಿ ಬಂದು, ಮುಂದೆ ಅವರು ಏನೆಂದರೋ ನನಗೆ ಕಾಣಿಸಲಿಲ್ಲ.

ಮಾವ ಹೋದ ವರ್ಷ ತೀರಿಕೊಂಡರು. ಆ ವಿಜಯಪುರದ ವಿಡಿಯೋವನ್ನು ಮೊನ್ನೆ ಯಾರೋ ನಮ್ಮ ಗ್ರೂಪಿಗೆ ಹಾಕಿದ್ದಾರೆ. ಕೇಳಿದವರೆಲ್ಲ, ಆಗ ಒಂದೊಂದು ಅಕ್ಷರವೂ ಎಷ್ಟು ಸ್ಪಷ್ಟವಾಗಿತ್ತು, ಈಗೇಕೆ ಮಾತು ನುಂಗುತ್ತೀಯ ಎನ್ನುತ್ತಾರೆ. ಏನೆಂದು ಹೇಳಲಿ? ಆಗ ನಾನು ಹಾಡುತ್ತಿದ್ದದ್ದು ಕಿವಿ ಕೇಳಿಸದ ಒಬ್ಬರಿಗೆ.