ಮೂಲೆ ತೋರ್ಸು

ನಮ್ಮೂರು ಸಿರಾದ ಬಸ್ ನಿಲ್ದಾಣದ ಹಿಂದೆ ಲೇತ್ ಅಂಗಡಿ ಇಟ್ಟಿದ್ದ ಮೇಸ್ತ್ರಿ ಯಾವುದನ್ನೂ ನಂಬುತ್ತಿರಲಿಲ್ಲ. ಯಾರು ಏನು ತಂದರೂ “ಮೂಲೆ ತೋರ್ಸು” ಎನ್ನುವರು. ಹೊಸ ಬಿಂದಿಗೆ ಕೊಂಡರೆ ಮೊದಲು ಬೆಸುಗೆಗೆ ಉಗುರು ಹಾಕುವರು. ನಮ್ಮ ಮನೆತನದಲ್ಲೇ ಮೊದಲನೆಯವನಾಗಿ ನಾನು ಪಡೆದ ಪದವಿ ಪತ್ರದ ಮೂಲೆಗಳನ್ನೂ ಮಡಿಸಿ ನೋಡಿದ್ದರು.

ಎಂಬತ್ತರ ದಶಕದ ಕೊನೆಗೆ ನಾನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲೋಹದ ಮೇಲೆ ವಜ್ರದ ತೆಳು ಪದರ ಬೆಳೆಸುವ ಕೆಲಸದಲ್ಲಿದ್ದೆ. ಊರಿಗೆ ಬಂದಾಗ, ಹಾಗೆ ಪದರ ಬೆಳೆಸಿದ, ತೂತು ಕೊರೆಯುವ ಡ್ರಿಲ್ ಬಿಟ್ಟೊಂದನ್ನು ಹೆಮ್ಮೆಯಿಂದ ಅವರ ಕೈಗಿಟ್ಟೆ. ಮೇಲಧಿಕಾರಿಗೆ ಕೊಡಬೇಕಾದ ವರದಿ ಜೇಬಿನಲ್ಲಿತ್ತು. ‘ಪದರ ಎಲ್ಲ ಕಡೆ ಹಿಡಿದಿದೆ’ ಎಂದು ಬರೆದಿದ್ದೆ.

“ವಜ್ರವಾ? ಯಾರಿಗ್ಲಾ ಟೋಪಿ ಹಾಕ್ತೀಯ?” ಎನ್ನುತ್ತ ಗಾಜಿನ ಚೂರನ್ನು ಬಿಟ್ಟಿನ ತುದಿಗೆ ಉಜ್ಜಿದರು. ಗಾಜು ಪುಡಿಯಾಗಿ ಉದುರಿತು. ನಾನು ನಕ್ಕೆ. ಅವರು ನಗಲಿಲ್ಲ. ಅದೇ ಚೂರನ್ನು ಬಿಟ್ಟಿನ ಮೈಸುತ್ತಿ ಇಳಿದ ಸುರುಳಿ ಕಚ್ಚಿನೊಳಗೆ ಎಳೆದರು. ಅದು ಒಂದು ಗೀರೂ ಬೀಳದೆ ಸದ್ದಿಲ್ಲದೆ ಜಾರಿತು.

“ಹೆಂಗೆ ಬೆಳೆಸ್ದೆ?”

“ಮೇಲೊಂದು ನೆಟ್ಟನೆಯ ತಂತಿ ಕಾಯಿಸಿ, ಅನಿಲ ಹಾಯಿಸಿ.”

“ತಂತಿ ನೆಟ್ಟಗೈತೆ, ಕಚ್ಚು ಸುತ್ಕೊಂಡೈತೆ. ತಂತೀನೂ ಸುತ್ತಿಸ್ದೆ ಹೋದ್ರೆ ವಜ್ರ ಮೂಲೆಗೆ ಹೆಂಗೋಯ್ತದ್ಲಾ?”

ಜೇಬಿನ ವರದಿ ತೆಗೆದು ‘ಎಲ್ಲ ಕಡೆ’ ಎಂಬ ಮಾತನ್ನು ಪೆನ್ನಿನಿಂದ ಗೀಟು ಹಾಕಿ ಹೊಡೆದುಹಾಕಿದೆ. ಓದಲು ಬಾರದ ಮೇಸ್ತ್ರಿ ಕಾಗದ ಇಸಿದುಕೊಂಡು ಬೆಳಕಿಗೆ ಹಿಡಿದರು.

“ಗೀಟು ಮೂಲೆಗಂಟ ಹೊಡ್ದಿದ್ದೀಯೇನ್ಲಾ?”