ಬಿಲ್ಡ್ ಆಗುವಷ್ಟು ಹೊತ್ತು

ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಕೆಲಸ ನಿಂತಿರುವ ಹೊತ್ತು. ಮಾಲೀಕರಿಗೆ ಹೇಳಬೇಡಿ, ನಿಮ್ಮಲ್ಲೇ ಇರಲಿ.

ಸವಳಂಗ ರಸ್ತೆಯ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿ. ಎಲ್ಲರೂ ಬರೆದ ಕೋಡನ್ನು ಒಟ್ಟುಗೂಡಿಸಿ ಕಂಪ್ಯೂಟರು ಪ್ರೋಗ್ರಾಂ ಮಾಡಿಕೊಡುವುದಕ್ಕೆ ‘ಬಿಲ್ಡ್’ ಎನ್ನುತ್ತೇವೆ. ನಮ್ಮ ಬಿಲ್ಡ್ ಮುಗಿಯಲು ಒಂದು ಲೋಟ ಕಾಫಿ ಕುಡಿದು, ಇನ್ನೊಂದಕ್ಕೆ ಆಸೆಪಡುವಷ್ಟು ಹೊತ್ತು ಹಿಡಿಯುತ್ತಿತ್ತು. ಆಹಾ, ಎಂಥ ಹೊತ್ತು ಅದು! ಮುಚ್ಚಿದ ಗಾಜಿನಾಚೆ ಬಸ್ಸುಗಳು ಸದ್ದಿಲ್ಲದೆ ತೇಲುತ್ತಿದ್ದವು. ಹಾಲೇಶ ಹೆಣ್ಣು ನೋಡಲು ಹೋದ ಕಥೆ ಹೇಳುತ್ತಿದ್ದ, ವೀಣಾ ಅತ್ತೆಯ ಮೇಲಿನ ಸಿಟ್ಟನ್ನು ನಮ್ಮೆದುರು ಇಳಿಸಿಕೊಳ್ಳುತ್ತಿದ್ದಳು, ನಾನು ಅರೆನಿದ್ದೆಯಲ್ಲಿ ಹೂಂಗುಟ್ಟುತ್ತಿದ್ದೆ. ಉಸಿರಿಗೂ ಉಸಿರಿಗೂ ನಡುವಿನ ಬಿಡುವಿನಲ್ಲಿ ಮನಸ್ಸನ್ನು ನಿಲ್ಲಿಸಿ ಎನ್ನುತ್ತಾರೆ ಯೋಗ ಬಲ್ಲವರು. ಅವರ ಕಂಪ್ಯೂಟರೂ ನಿಧಾನವಿತ್ತೋ ಏನೋ.

ಹೀಗಿರುವಾಗ ಸೆಲ್ವಿ ಬಂದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಿಂದ ದಿನಾ ಬಸ್ಸಿನಲ್ಲಿ ಬರುವ ಹೊಸ ಹುಡುಗಿ. ತಿಂಗಳು ತುಂಬುವ ಮೊದಲೇ ಏನೇನೋ ತಿದ್ದಿ, ಆಕಳಿಸಿ ಬಾಯಿ ಮುಚ್ಚುವಷ್ಟರಲ್ಲಿ ಬಿಲ್ಡ್ ಮುಗಿಯುವ ಹಾಗೆ ಮಾಡಿಬಿಟ್ಟಳು.

“ಸಾರ್, ಆಗೇ ಹೋಯ್ತು ನೋಡಿ!” ಎಂದು ಮುಖ ಅರಳಿಸಿ ನಮ್ಮತ್ತ ತಿರುಗಿದಳು. ಹಾಲೇಶ ಹುಳ್ಳಗೆ ನಕ್ಕ. ನಾನು ಲೋಟ ಕೆಳಗಿಟ್ಟೆ.

ಆಮೇಲೆ ಕೆಲಸವೇನೋ ಚಕಚಕನೆ ಸಾಗಿತು. ಕಚೇರಿ ಮಾತ್ರ ಬಿಕೋ ಎನ್ನತೊಡಗಿತು. ಸಣ್ಣ ಸಣ್ಣದಕ್ಕೂ ಸಿಡುಕು. ಹಾಲೇಶನ ಕಥೆ ಅರ್ಧಕ್ಕೇ ನಿಂತಿತು. ಅದೇಕೋ, ಯಾರೂ ಸೆಲ್ವಿಯ ಮುಖ ನೋಡಿ ಮಾತಾಡುತ್ತಿರಲಿಲ್ಲ.

ಒಂದು ಸಂಜೆ ಅವಳು ಬ್ಯಾಗು ಹೆಗಲಿಗೇರಿಸಿ ನನ್ನ ಮೇಜಿನ ಬಳಿ ಬಂದು ನಿಂತಳು. “ಸಾರ್, ನಾನು ಕೆಲಸ ಬಿಡ್ತೀನಿ. ಇಲ್ಲಿ ಯಾರ್ಗೂ ನಾನು ಬೇಕಾಗಿಲ್ಲ. ಏನ್ ತಪ್ಪು ಮಾಡ್ದೆ ಅಂತಾದ್ರೂ ಹೇಳಿ.” ಕಣ್ಣು ತುಂಬಿತ್ತು. ಇಷ್ಟು ಚುರುಕಾದ ಹುಡುಗಿಯನ್ನು ನಾವೇ ಓಡಿಸುತ್ತಿದ್ದೆವಲ್ಲ!

ವೀಣಾ ಎದ್ದು ಬಂದಳು. “ತಪ್ಪೇನಿಲ್ಲ ಮಾರಾಯ್ತಿ. ಬಿಲ್ಡ್ ಆಗೋವಾಗ ಒಂಚೂರು ಮಾತಾಡ್ಕೊಂಡಿರ್ತಿದ್ವಿ. ಈಗ ಅದಕ್ಕೆ ಹೊತ್ತೇ ಇಲ್ಲ, ಅಷ್ಟೆ.”

ಸೆಲ್ವಿ ಕಣ್ಣೊರೆಸಿಕೊಂಡು ನಮ್ಮನ್ನು ಪಿಳಿಪಿಳಿ ನೋಡಿದಳು. “ಮಾತಾಡಕ್ಕೆ ಕಂಪ್ಯೂಟರ್ ಯಾಕ್ ನಿಲ್ಬೇಕು ಅಕ್ಕಾ? ಸುಮ್ನೆ ಮಾತಾಡಕ್ಕಾಗಲ್ವಾ?”

ನಾವು ಮೂವರೂ ಬುದ್ಧಿವಂತರೇ. ಆದರೂ ಯಂತ್ರದ ನೆಪವಿಲ್ಲದೆ ಸುಮ್ಮನೆ ಕೂತು ಮಾತಾಡಬಹುದು ಎಂಬುದು ಇಷ್ಟು ವರ್ಷದಲ್ಲಿ ನಮಗೆ ಹೊಳೆದೇ ಇರಲಿಲ್ಲ.

ವೀಣಾ ಅವಳ ಹೆಗಲಿನ ಬ್ಯಾಗು ಇಳಿಸಿ, ಕುರ್ಚಿ ಎಳೆದಳು. “ಕೂತ್ಕೊ. ಮನೇಲಿ ಯಾರ್ಯಾರಿದೀರ? ಹೇಳು.”

ಅವಳು ಬಂದು ತಿಂಗಳ ಮೇಲಾಗಿತ್ತು. ಅಷ್ಟನ್ನೂ ನಾವು ಕೇಳಿರಲಿಲ್ಲ.

ಸೆಲ್ವಿ ಕೂತಳು. ಮೊದಲು ತಡೆತಡೆದು, ಆಮೇಲೆ ಧಾರಾಳವಾಗಿ ಹೇಳತೊಡಗಿದಳು. ಕಂಪ್ಯೂಟರುಗಳು ಕೆಲಸ ಮುಗಿಸಿ, ನಮ್ಮ ದಾರಿ ನೋಡುತ್ತ ಕೂತಿದ್ದವು. ಕಾಯಲಿ ಬಿಡಿ, ಅವಕ್ಕಾಗಿ ನಾವೇನು ಕಡಿಮೆ ಕಾದಿದ್ದೇವೆಯೇ?